ಕಾಶಿಬಾಯಿಗೆ ಇಪ್ಪತ್ತೇಳು

ನೂಲಿನ ಗಿರಣಿ ಮುಚ್ಚಿದ ಮೇಲೆ ಓಣಿಯಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿತ್ತು. ಅದು ಸಾಲದೆಂಬಂತೆ ನಗರಸಭೆ ನೀರಿನ ಕರ ಹೆಚ್ಚಿಸಿತು. ಈ ಸಲದ ವಾರ್ಡ್ ಚುನಾವಣೆಗೆ ತಮ್ಮಲ್ಲೇ ಒಬ್ಬಳನ್ನು ನಿಲ್ಲಿಸಬೇಕೆಂದು ಕೆಲಸ ಕಳೆದುಕೊಂಡ ಇಪ್ಪತ್ತೆಂಟು ಹೆಂಗಸರು ತೀರ್ಮಾನಿಸಿದರು.

ಮನೆಮನೆಗೆ ಅಲೆದು ಅವರನ್ನು ಒಟ್ಟುಗೂಡಿಸಿದವಳು ದ್ಯಾಮವ್ವ. ಆದರೆ ಎಲ್ಲರ ಬಾಯಲ್ಲೂ ಕಾಶಿಬಾಯಿಯ ಹೆಸರೇ. ಕಾಶಿಬಾಯಿ ಗಿರಣಿಯಲ್ಲಿ ದ್ಯಾಮವ್ವನ ಪಕ್ಕದಲ್ಲೇ ಹನ್ನೆರಡು ವರ್ಷ ದುಡಿದವಳು. ಮೊನ್ನೆ ನಗರಸಭೆಗೆ ಹೋಗಿ ಅಧಿಕಾರಿಯನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಚಪ್ಪಲಿ ಸವೆಸಿದಾಕಿ ನಾ, ಹೂಮಾಲಿ ಆಕಿಗೆ!” ಎಂದು ದ್ಯಾಮವ್ವ ಗಂಡನ ಮುಂದೆ ಹೊಟ್ಟೆ ಉರಿದುಕೊಂಡಳು. “ಆಕಿ ಮಾತಾಡಿದ್ರ ಸಾಹೇಬ್ರು ಎದ್ದು ನಿಂತ್ರಂತ. ನನಗೇನು ಬಾಯಿ ಇಲ್ಲೇನು?”

“ಹಂಗಾದ್ರ ನೀನೂ ನಿಂದ್ರು,” ಎಂದ ಗಂಡ.

ಅವಳೂ ನಿಂತಳು. ಭಾನುವಾರ ಸಮುದಾಯ ಭವನದಲ್ಲಿ ಎಲ್ಲರೂ ತಮಗೆ ಬೇಕಾದವಳ ಹೆಸರನ್ನು ಗುಟ್ಟಾಗಿ ಚೀಟಿಯಲ್ಲಿ ಬರೆದು ಕೊಡದೊಳಗೆ ಹಾಕಿದರು. ದ್ಯಾಮವ್ವ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು, ಕೊನೆಗೆ ಹಲ್ಲು ಕಚ್ಚಿ ಬರೆದು ಹಾಕಿದಳು.

ಎಣಿಸಿದಾಗ ಕಾಶಿಬಾಯಿಗೆ ಇಪ್ಪತ್ತೇಳು, ದ್ಯಾಮವ್ವನಿಗೆ ಒಂದು.

“ತನ್ನ ಓಟು ತಾನ ಹಾಕ್ಕೊಂಡಾಳ!” ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ಕಾಶಿಬಾಯಿ ಮಾತ್ರ ನಗಲಿಲ್ಲ.

ಎಲ್ಲರೂ ಹೊರಟ ಮೇಲೆ ದ್ಯಾಮವ್ವ ಅವಳ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು:

“ಸಾಹೇಬ್ರ ಮುಂದ ನನ್ನ ಕಾಲು ನಡಗ್ತಾವ ಅಂತ ನಾ ನಿನ್ನ ಹೆಸರು ಬರದೆ. ನೀ ಯಾಕ ನಂದು ಬರದಿ?”