ಹಬೆಯೊಳಗೆ ಇಬ್ಬರು

“ಒಳಗೆ ಇನ್ನೊಬ್ಬರಿದ್ದಾರೆ,” ಎಂದಳು ಬಸುರಿ, ಕಂಬಳಿಯೊಳಗಿನಿಂದ.

ಸೂಲಗಿತ್ತಿ ನಕ್ಕಳು. “ಇದ್ದೇ ಇರ್ತಾರಲ್ಲ ತಾಯೀ, ಅವರನ್ನ ಹೊರಗೆ ಕರೆಯೋಕೇ ತಾನೇ ನಾನು ಬಂದಿರೋದು?”

“ಹೊಟ್ಟೇಲಲ್ಲ. ನನ್ನ ಎದುರಿಗೆ.”

ಮಟಮಟ ಮಧ್ಯಾಹ್ನ. ಕೆಳಗಿನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಗಂಡ ಅಂಡು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡುತ್ತಿದ್ದ. ಮೇಲಿನ ಕೋಣೆಯಲ್ಲಿದ್ದವರು ಬಸುರಿ, ಅವಳ ಅತ್ತೆ, ಸೂಲಗಿತ್ತಿ, ಈ ಮೂವರೇ. ಬೆಳಗಿನಿಂದ ಬಿಟ್ಟು ಬಿಟ್ಟು ಬಂದ ನೋವು ಈಗ ಸೊಂಟದಲ್ಲೇ ಠಿಕಾಣಿ ಹೂಡಿ, ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ಕಾಡುತ್ತಿತ್ತು. ಮೈ ಸ್ವಲ್ಪ ಸಡಿಲವಾಗಲಿ, ಉಸಿರಿಗೆ ಹಿತವಾಗಲಿ ಎಂದು ಸೂಲಗಿತ್ತಿ ಲಕ್ಕಿ ಸೊಪ್ಪು, ನೀಲಗಿರಿ ಎಲೆ ಹಾಕಿ ನೀರು ಕುದಿಸಿದ್ದಳು. ಬಸುರಿಯನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, ಪಾತ್ರೆಯನ್ನು ಅವಳಿಗೆ ತಾಗದಷ್ಟು ದೂರ ಇಟ್ಟು, ಎರಡಕ್ಕೂ ಸೇರಿಸಿ ದೊಡ್ಡದೊಂದು ಕಂಬಳಿ ಹೊದಿಸಿದ್ದಳು. ಹಬೆ ಕಂಬಳಿಯ ಅಂಚಿನಿಂದ ನುಸುಳಿ ಕೋಣೆಯ ಕನ್ನಡಿಯನ್ನೆಲ್ಲ ಮಬ್ಬಾಗಿಸಿತ್ತು.

“ನೋವಿಗೆ ಕಣ್ಣು ಕತ್ತಲೆ ಬಂದಿರುತ್ತೆ,” ಎಂದಳು ಅತ್ತೆ. “ಹೆರಿಗೆ ಅಂದ್ರೆ ಹೆಣ್ಣಿಗೆ ಮರುಹುಟ್ಟು. ಏನೇನೋ ಕಾಣುತ್ತೆ. ಇವಳ ಗಂಡನ್ನ ಹೆರುವಾಗ ನನಗೆ ಗೋಡೆ ತುಂಬ ಇರುವೆ ಕಂಡಿತ್ತು.”

“ಇಲ್ಲ ಅತ್ತೆ. ಇವಳೂ ಬಸುರಿ. ನನ್ನ ಮಂಡಿಗೆ ಅವಳ ಮಂಡಿ ತಾಗ್ತಾ ಇದೆ. ನನಗೆ ನೋವು ಬಂದಾಗಲೇ ಅವಳಿಗೂ ಬರುತ್ತೆ.” ಅಷ್ಟರಲ್ಲಿ ನೋವು ಬಂತು. ಸೊಸೆ ಹಲ್ಲು ಕಚ್ಚಿ ನರಳಿದಳು. ಆ ನರಳಿಕೆಯ ಜೊತೆಜೊತೆಗೇ, ಕೂದಲೆಳೆಯಷ್ಟು ಹಿಂದೆ, ಇನ್ನೊಂದು ನರಳಿಕೆ ಕೇಳಿಸಿತು. ಬಾಯಿಗೆ ಏನನ್ನೋ ತುರುಕಿಕೊಂಡವರು ನರಳಿದ ಹಾಗೆ.

ಸೂಲಗಿತ್ತಿಯ ನಗು ಇಳಿದುಹೋಯಿತು. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಕಂಬಳಿಯನ್ನೇ ನೋಡುತ್ತಿದ್ದಳು.

“ಯಾಕೆ ಅವಳು ಬಾಯಿಬಿಟ್ಟು ಕಿರುಚ್ತಿಲ್ಲ?” ಅತ್ತೆ ಕೇಳಿದಳು.

“ಹೇಗೆ ಕಿರುಚ್ತಾಳೆ? ಜಡೆ ಕಚ್ಕೊಂಡಿದ್ದಾಳೆ.”

ಅತ್ತೆ ಗೋಡೆಗೆ ಒರಗಿದಳು. ಚಿಕ್ಕಂದಿನಲ್ಲಿ ಮಂಡಿ ತರಚಿದರೂ, ಹಲ್ಲು ಕೀಳಿಸುವಾಗಲೂ, ಅಳು ಹೊರಗೆ ಬಾರದಂತೆ ಜಡೆ ಕಚ್ಚಿಕೊಳ್ಳುತ್ತಿದ್ದವಳು ಅವಳ ಹಿರಿಮಗಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು, ಇದೇ ಕೋಣೆಯಲ್ಲಿ ನೋವು ತಿಂದು ತಿಂದು, ಹೆರದೆಯೇ ಹೋಗಿದ್ದಳು. ಆಮೇಲೆ ಆ ಮನೆಯಲ್ಲಿ ಯಾರೂ ಅವಳ ಮಾತೆತ್ತಿರಲಿಲ್ಲ. ನಾದಿನಿಯೊಬ್ಬಳಿದ್ದಳು, ತೀರಿಕೊಂಡಳು ಎಂಬುದರ ಹೊರತು ಸೊಸೆಗೆ ಏನೂ ಗೊತ್ತಿರಲಿಲ್ಲ. ಫೋಟೋ ಕೂಡ ನೋಡಿದವಳಲ್ಲ.

“ತೆಗೀರಿ ಕಂಬಳೀನ!” ಅತ್ತೆ ಚೀರಿದಳು. “ಇವಳನ್ನೂ ಕರ್ಕೊಂಡು ಹೋಗೋಕೆ ಬಂದಿದ್ದಾಳೆ!”

ಸೂಲಗಿತ್ತಿ ಕಂಬಳಿಗೆ ಕೈ ಹಾಕಿದಳು. ಒಳಗಿನಿಂದ ಸೊಸೆ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. “ಬೇಡ, ತೆಗೀಬೇಡಿ. ನನ್ನ ಸೊಂಟ ತಿಕ್ತಾ ಇದ್ದಾಳೆ. ‘ಮೊದಲು ನೀನು ಹೋಗು, ನನಗೆ ಕಾದು ಅಭ್ಯಾಸ’ ಅಂತಿದ್ದಾಳೆ.” ಮರುಕ್ಷಣವೇ ಅವಳ ದನಿ ಬದಲಾಯಿತು. “ಅಮ್ಮಾ! ಬಂತು! ತಲೆ ಬಂತು!”

ಆಮೇಲೆ ಯೋಚಿಸಲು ಪುರುಸೊತ್ತಿರಲಿಲ್ಲ. ಸೂಲಗಿತ್ತಿ ಅವಳನ್ನು ಕಂಬಳಿಯಿಂದ ಹೊರಗೆಳೆದು ಮಂಚಕ್ಕೆ ಒರಗಿಸಿದಳು. ಬೆಳಗಿನಿಂದ ಜಗ್ಗದಿದ್ದ ಕೂಸು ಜಾರಿ ಬಂದು ಅವಳ ಅಂಗೈಗೆ ಬಿತ್ತು. ಹೆಣ್ಣು. ಹುಟ್ಟುತ್ತಲೇ ಕೋಣೆ ಕಿತ್ತುಹೋಗುವಂತೆ ಅತ್ತಿತು. ಕೆಳಗೆ ಗಂಡ ಏನನ್ನೋ ಬೀಳಿಸಿದ ಸದ್ದಾಯಿತು. ಸೂಲಗಿತ್ತಿ ಹೊಕ್ಕುಳಬಳ್ಳಿ ಕತ್ತರಿಸಿ, ಕೂಸನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿದಳು. ಮಾಸು ಬಿದ್ದ ಮೇಲೆಯೇ ಬೆನ್ನು ನೆಟ್ಟಗೆ ಮಾಡಿ, “ಗೆದ್ದೆ ಬಿಡಮ್ಮ,” ಎಂದಳು.

ಬಾಣಂತಿ ಅವಳ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಕೋಣೆಯ ನಡುವೆ ನೋಡುತ್ತಿದ್ದಳು.

ಕಂಬಳಿ ಕೆಳಗೆ ಬಿದ್ದಿರಲಿಲ್ಲ. ಒಳಗೆ ಆಳು ಕೂತಷ್ಟೇ ಎತ್ತರಕ್ಕೆ, ತಲೆಯ ಗುಂಡು, ಹೆಗಲ ಇಳಿಜಾರು ಕಾಣುವಂತೆ, ಹಾಗೆಯೇ ನಿಂತಿತ್ತು. ಪಾತ್ರೆಯ ನೀರು ಯಾವಾಗಲೋ ಆರಿತ್ತು. ಆದರೂ ಕಂಬಳಿ ಉಬ್ಬುತ್ತಿತ್ತು, ಇಳಿಯುತ್ತಿತ್ತು. ನಡುನಡುವೆ ಅದೇ ಬಾಯಿ ಕಟ್ಟಿದ ನರಳಿಕೆ.

ಸೂಲಗಿತ್ತಿ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು. ಅತ್ತೆ ಅವಳ ತೋಳು ಹಿಡಿದಳು.

“ಅವತ್ತು ಕರೆಯೋಕೆ ಕಳಿಸಿದ್ರೂ ಯಾರೂ ಸಿಗಲಿಲ್ಲ ಕಣಮ್ಮ,” ಎಂದಳು. “ಇವತ್ತು ನೀನಿದ್ದೀಯ.”

ಅತ್ತೆಯೇ ಒಲೆ ಹಚ್ಚಿ ನೀರು ಕುದಿಸಿದಳು, ಉಳಿದ ಸೊಪ್ಪನ್ನೆಲ್ಲ ಹಾಕಿದಳು, ಪಾತ್ರೆಯನ್ನು ಕಂಬಳಿಯಡಿಗೆ ಮೆಲ್ಲಗೆ ಸರಿಸಿದಳು. ಆಮೇಲೆ ನೆಲದ ಮೇಲೆ ಕೂತು, ಅಂಚಿನೊಳಗೆ ಮೊಣಕೈವರೆಗೆ ತನ್ನ ಕೈ ತೂರಿಸಿದಳು. ಒಳಗಿನಿಂದ ಅದನ್ನು ಯಾರೋ ಎಷ್ಟು ಜೋರಾಗಿ ಹಿಡಿದರೆಂದರೆ ಅವಳ ಹೆಗಲು ಜಗ್ಗಿ ಮುಂದೆ ವಾಲಿತು.

“ಜಡೆ ಬಿಡು ಮಗಳೇ,” ಎಂದಳು ತಾಯಿ. “ಬಾಯಿಬಿಟ್ಟು ಕೂಗು.”

ಸೂಲಗಿತ್ತಿ ಕೈ ತೊಳೆದು ಬಂದಳು. ಕಂಬಳಿಯ ಮುಂದೆ ಮಂಡಿಯೂರಿ, ಒಗೆದ ಬಟ್ಟೆಯೊಂದನ್ನು ಕೊಡವಿ ಎರಡೂ ಅಂಗೈಗಳ ಮೇಲೆ ಹರಡಿಕೊಂಡು ಕಾದಳು.