ಕೆಂಪು ಮುಂಡಾಸು

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟವ್ರೆಲ್ಲ ಸಿನಿಮಾ ಬಗ್ಗೆ ಭಾಷಣ ಮಾಡೋದಾ? ಮೈಕ್ ಕೊಡು ಇಲ್ಲಿ," ಎಂದರು ಚಿತ್ರಸಂಘದ ಅಧ್ಯಕ್ಷರು. ಸಭೆ ನಕ್ಕಿತು. ಮೈಕ್ ಹಿಡಿದಿದ್ದ ಮೀನುಗಾರರ ಕೇರಿಯ ಯುವಕ ಅದನ್ನು ಬಿಡಲಿಲ್ಲ.

ಐವತ್ತು ವರ್ಷ ಹಳೆಯ ಕಡಲ ಸಾಹಸದ ಸಿನಿಮಾ ಆಗಷ್ಟೇ ಮುಗಿದಿತ್ತು. ಬಿರುಗಾಳಿಯಲ್ಲಿ ಮುಳುಗುವ ದೋಣಿಯವನೊಬ್ಬ ಕೆಂಪು ಮುಂಡಾಸು ಬಿಚ್ಚಿ ಬೀಸುವ ದೃಶ್ಯವನ್ನು ಎಲ್ಲರೂ ಹೊಗಳಿದ್ದರು. "ಸಾಯುವಾಗಲೂ ಎಷ್ಟು ಚಂದ ವಿದಾಯ ಹೇಳ್ತಾನೆ!" ಎಂದು ಮುಂದಿನ ಸಾಲಿನ ಮೇಡಂ ಕಣ್ಣೊರೆಸಿಕೊಂಡಿದ್ದರು.

"ಅದು ವಿದಾಯ ಅಲ್ಲ ಮಾರಾಯ್ರೆ," ಎಂದು ಅವನು ಸಿಟ್ಟಿನಿಂದ ಹೇಳಿದ. "ನಮ್ಮ ಕಡೆ ದೋಣಿಯವ್ರು ಮುಂಡಾಸು ಹಾಗೆ ತಿರುಗ್ಸಿದ್ರೆ, ಹಗ್ಗ ಬಿಸಾಡಿ ಅಂತ ಅರ್ಥ. ಕ್ಯಾಮೆರಾದವ್ರು ಸುಮ್ನೆ ನೋಡ್ತಾ ನಿಂತಿದ್ರು."

"ಆ್ಯಕ್ಟಿಂಗ್ ಮಾಡುವವನಿಗೆ ಹಗ್ಗ ಎಂತಕ್ಕಪ್ಪ?" ಎಂದು ಮೇಡಂ ಕೇಳಿದರು. ಮತ್ತೆ ನಗು.

"ಆ ಸೀನ್ ಇನ್ನೊಂದು ಸಲ ಹಾಕಿ ಸಾರ್. ಮುಖ ಸರಿಯಾಗಿ ನೋಡ್ಬೇಕಿತ್ತು."

"ಯಾಕೆ, ಅವನೇನು ನಿನ್ನ ಅಜ್ಜನಾ?" ಎನ್ನುತ್ತ ಅಧ್ಯಕ್ಷರು ಮೈಕ್ ಕಿತ್ತುಕೊಂಡರು.

ಕೆಂಪು ಮುಂಡಾಸು ಸುತ್ತಿ ಶೂಟಿಂಗಿಗೆಂದು ದೋಣಿ ಹತ್ತಿ ಮನೆಗೆ ಮರಳದ, ಒಂದು ಫೋಟೋ ಕೂಡ ಉಳಿಸಿಹೋಗದ ಅಜ್ಜನನ್ನು ಅಂದೇ ಮೊದಲ ಸಲ ನೋಡಿದ್ದ ಅವನು, ಸಭೆಯಿಂದ ಹೊರಟುಹೋದ.