ಒಂಬತ್ತನೆಯ ಡಬ್ಬಿ

ಕಂಪ್ಯೂಟರಿನ ಪರದೆಯ ಮೇಲೆ ಅಂಕಿಗಳೆಲ್ಲ ಹಸಿರಾಗಿಯೇ ಇದ್ದವು. ಆದರೆ ಪೂರ್ವದ ಗೋಡೆಯ ಆರು ಅಂಕಿಗಳ ಪಕ್ಕದ ವೇಳೆ ನೋಡಿ ಎಂಜಿನಿಯರ್ ವಿಜಯಶ್ರೀ ಗಡಿಯಾರದತ್ತ ತಿರುಗಿದಳು. ಹತ್ತು ಐವತ್ತು. ಈಗ ಹನ್ನೊಂದೂವರೆ.

ಗಚ್ಚಿಬೌಲಿಯ ಹೊಸ ಅಪಾರ್ಟ್‌ಮೆಂಟಿಗಾಗಿ ನಲವತ್ತು ಅಡಿ ಆಳದ ಗುಂಡಿ ತೋಡಿದ್ದರು. ಸುತ್ತಲಿನ ಮಣ್ಣಿನ ಗೋಡೆ ಸ್ವಲ್ಪ ವಾಲಿದರೂ ತಿಳಿಯಲೆಂದು ಇಪ್ಪತ್ತು ಸೆನ್ಸರ್ ಡಬ್ಬಿಗಳನ್ನು ಕೂರಿಸಿದವಳು ಅವಳೇ. ವೈರಿಲ್ಲ, ಒಂದು ಡಬ್ಬಿ ತನ್ನ ಸುದ್ದಿಯನ್ನು ಪಕ್ಕದ್ದಕ್ಕೆ ಕೊಡುತ್ತದೆ, ಅದು ಮುಂದಿನದಕ್ಕೆ, ಹೀಗೆ ಶೆಡ್ಡಿನ ಕಂಪ್ಯೂಟರಿನವರೆಗೆ. ಬ್ಯಾಟರಿ ಉಳಿಯಲೆಂದು ಹೋದ ತಿಂಗಳು ಅವಳು ಹತ್ತಿರದ ದಾರಿ ಹಾಕಿದ್ದಳು: ಪೂರ್ವದ ಸುದ್ದಿಯೆಲ್ಲ ಒಂಬತ್ತನೆಯ ಡಬ್ಬಿಯ ಮೂಲಕವೇ. ಎಲ್ಲರ ಭಾರ ಹೊತ್ತ ಒಂಬತ್ತು ಬ್ಯಾಟರಿ ಮುಗಿದು ಮೊದಲು ಸತ್ತಿತ್ತು. ಅದರಾಚೆಯ ಆರೂ ಮೂಕವಾಗಿದ್ದವು. ಪರದೆ ಮಾತ್ರ ಕಡೆಯ ಅಂಕಿಗಳನ್ನೇ ತೋರಿಸುತ್ತ ಕೂತಿತ್ತು.

ಸೂಪರ್‌ವೈಸರಿಗೆ ಫೋನ್ ಮಾಡಿದಳು. ಎಲ್ಲ ಹಸಿರಿದೆಯಲ್ಲ, ಕಾಂಕ್ರೀಟ್ ಲಾರಿ ಮಿಯಾಪುರ ದಾಟಿದೆ, ಈಗ ಕೆಲಸ ನಿಲ್ಲಿಸಲಾಗದು ಎಂದು ಅವನು ಫೋನ್ ಇಟ್ಟುಬಿಟ್ಟ. ಕೆಳಗೆ ಇಪ್ಪತ್ತೆರಡು ಜನ ಸರಳು ಕಟ್ಟುತ್ತಿದ್ದರು.

ಸುದ್ದಿ ದಕ್ಷಿಣದ ಡಬ್ಬಿಗಳನ್ನು ಸುತ್ತಿ ಬರಲಿ ಎಂದು ಅವಳು ಹೊಸ ದಾರಿ ಹಾಕಿದಳು. ಡಬ್ಬಿಗಳು ಎಚ್ಚೆತ್ತು ಅದನ್ನು ಹಿಡಿಯಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಕೂತಿರಲು ಅವಳಿಂದಾಗಲಿಲ್ಲ. ನಿಚ್ಚಣಿಕೆ ಇಳಿದಳು.

ಶಹಾಪುರ ಕಡೆಯ ಮೇಸ್ತ್ರಿ ಬೂದೆಪ್ಪ ತಲೆ ಎತ್ತಿದ. "ಗ್ವಾಡಿ ಏನಂತೈತ್ರಿ, ಅಕ್ಕಾರ?"

"ಏನೂ ಅನವಲ್ದು ಬೂದೆಪ್ಪಣ್ಣ. ಅದಕ್ಕ ನನಗ ಅಂಜಿಕಿ ಬಂದೈತಿ."

ಬೂದೆಪ್ಪ ಕೈಲಿದ್ದ ಸರಳು ಕೆಳಗಿಟ್ಟ. ಹೆಂಡತಿ ಬಂಡೆಮ್ಮನಿಂದ ಹಿಡಿದು ಎಲ್ಲರನ್ನೂ ಮೇಲಕ್ಕೆ ಕಳಿಸಿದ. ಇದ್ದದ್ದು ಒಂದೇ ನಿಚ್ಚಣಿಕೆ, ಒಬ್ಬೊಬ್ಬರಾಗಿಯೇ ಹತ್ತಬೇಕು. ಕೆಳಗೆ ನಿಂತ ವಿಜಯಶ್ರೀಗೆ ಮೆಟ್ಟಿಲು ಕಿರುಗುಟ್ಟಿದಾಗಲೆಲ್ಲ ಗೋಡೆಯೇ ಸದ್ದು ಮಾಡಿದಂತಾಗುತ್ತಿತ್ತು. ಕೊನೆಗೆ ಅವಳೂ ಅವನೂ ಹತ್ತಿದರು. ಅಂಚಿನಿಂದ ಹತ್ತು ಹೆಜ್ಜೆ ನಡೆದಿರಲಿಲ್ಲ, ಮೊಬೈಲು ಕಂಪಿಸಿತು. ಹೊಸ ದಾರಿಯಲ್ಲಿ ಆರೂ ಸುದ್ದಿ ಒಟ್ಟಿಗೆ ಬಂದಿದ್ದವು. ಆರೂ ಕೆಂಪು. ಹಿಂದೆಯೇ ಪೂರ್ವದ ಗೋಡೆ ಕುಸಿದು, ಕಟ್ಟಿದ ಸರಳೆಲ್ಲ ಮಣ್ಣಿನಡಿ ಹೋಯಿತು.

ಧೂಳು ಅಡಗಿದ ಮೇಲೆ ಬಂಡೆಮ್ಮ ಅವಳ ಕೈ ಹಿಡಿದು ಅತ್ತಳು, ನಿಮ್ಮ ಡಬ್ಬಿಗಳ ಪುಣ್ಯ ಎಂದಳು. ವಿಜಯಶ್ರೀ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು: ಆ ದಾರಿ ಹಾಕಿದ್ದು, ಒಂಬತ್ತು ಸತ್ತದ್ದು, ನಲವತ್ತು ನಿಮಿಷ ತಾನು ನೋಡದೆ ಇದ್ದದ್ದು.

ಬೂದೆಪ್ಪ ಗುಂಡಿಯತ್ತ ಕೈ ಮಾಡಿದ.

"ಮತ್ತ ಕೆಲಸ ಚಾಲೂ ಆದ ದಿನ ಮೊದಲ ನೀವು ಇಳೀರಿ, ಅಕ್ಕಾರ," ಅಂದ. "ನಿಮ್ಮ ಹಿಂದ ನಾವು ಇಳೀತೀವಿ."